ಉತ್ತರಮುಖದ ಮನೆಗೆ ಬಿಸಿಲು

ಬಾಯ್ತುಂಬ ಪೇಸ್ಟಿನ ನೊರೆ, ಮೈಮೇಲೆ ಗಾಳಿಗೆ ಎಲ್ಲೂ ಅಡ್ಡಿಯಾಗದಷ್ಟು ತೂತಾದ ಬನಿಯನ್ನು, ಕೆಳಗೆ ಪಟ್ಟೆಪಟ್ಟೆಯ ಚಡ್ಡಿ. ಈ ವೇಷದಲ್ಲಿ ನಾನು ಒಂದು ಬೆಳಿಗ್ಗೆ ನಮ್ಮ ಮನೆಯ ಬಾಗಿಲಲ್ಲಿ ನಿಂತು ಹಲ್ಲುಜ್ಜುತ್ತಿದ್ದೆ. ಎದುರಿನ ಕಾಂಪ್ಲೆಕ್ಸಿನ ಮೆಟ್ಟಿಲ ಮೇಲೆ ಒಬ್ಬ ಮನುಷ್ಯ ಮೂರು ಕಾಲಿನ ಸ್ಟ್ಯಾಂಡು ಊರಿ, ಅದರ ಮೇಲೆ ಕ್ಯಾಮೆರಾ ಕೂಡಿಸಿ, ಅದರ ಕಣ್ಣನ್ನು ನೇರ ನನ್ನತ್ತ ತಿರುಗಿಸಿದ್ದ.

ಹಿಂದಿನ ವಾರವಷ್ಟೇ ಒಂದು ವಾರಪತ್ರಿಕೆಯಲ್ಲಿ ನನ್ನ ಹಾಸ್ಯಲೇಖನ ಬಂದಿತ್ತು. ಜಾಹೀರಾತು ಕಡಿಮೆ ಬಿದ್ದ ವಾರ ನನ್ನ ಲೇಖನ ಬರುತ್ತದೆ. ಆ ವಾರ ಬಹಳೇ ಕಡಿಮೆ ಬಿದ್ದಿರಬೇಕು, ಪೂರ್ತಿ ಬಂದಿತ್ತು. ಪತ್ರಿಕೆಯವರು ಲೇಖಕನನ್ನು ಅವನಿದ್ದ ಹಾಗೆಯೇ ಹಿಡಿಯಲು ಆಳು ಕಳಿಸಿದ್ದಾರೆ ಎಂದುಕೊಂಡೆ. ಹೊಟ್ಟೆಯನ್ನು ಒಳಗೆಳೆದುಕೊಂಡೆ. ಬ್ರಶ್ಶನ್ನು ಪೆನ್ನಿನಂತೆ ಹಿಡಿದೆ. ತುಸು ಓರೆಯಾಗಿ ನಿಂತು, ದೂರದಲ್ಲಿ ಏನೋ ವಿಚಾರ ಹೊಳೆದವನಂತೆ ನೋಡಿದೆ.

“ಸರ,” ಎಂದ ಆತ.

“ಒಂದ ನಿಮಿಷ, ಅಂಗಿ ಹಾಕ್ಕೊಂಡ ಬರತೇನಿ,” ಎಂದೆ ನೊರೆಯ ಸಂದಿಯಿಂದ.

“ಹಾಕ್ಕೋರಿ, ಬಿಡ್ರಿ, ಅದು ನಿಮ್ಮ ಖುಷಿ. ಮೊದಲ ಅಲ್ಲಿಂದ ಸರೀರಿ. ಬಾಗಲಾ ಕಾಣವಲ್ದು.”

ಕಾಂಪ್ಲೆಕ್ಸಿನ ಮೇಲಂತಸ್ತಿನಲ್ಲಿ ಬಾಡಿಗೆಗಿರುವ ಲಕ್ಷ್ಮೀ ಟೆರೇಸಿನ ಮೇಲೆ ಬಟ್ಟೆ ಒಣಹಾಕುತ್ತಿದ್ದವಳು ಕಿಸಕ್ಕನೆ ನಕ್ಕಳು. ನಾನು ಪೇಸ್ಟು ನುಂಗಿದೆ. ಅಷ್ಟರಲ್ಲಿ ಒಳಗಿನಿಂದ ನಮ್ಮವ್ವ ಮುರಿಗೆವ್ವ ಬಂದಳು.

“ಅವರನ್ನ ಕರಿಸಿದಾಕಿ ನಾನು. ಮನೀ ಫೋಟೋ ತಗಸಾಕ. ನೀ ಯಾಕ ಹಂಗ ಹಲ್ಲ ಕಿಸಕೊಂಡ ನಿಂತೀ?”

ಹೀಗೆ ನನಗೆ ಫೋಟೋದ ಗುರುಶಿದ್ದಪ್ಪನ ಪರಿಚಯವಾಯಿತು.

ನಮ್ಮ ಕಡೆ ಹೆಣ್ಣು ಕೊಡುವವರು ಮೊದಲು ಗಂಡಿನ ಮನೆ ನೋಡಲು ಬರುತ್ತಾರೆ. ಹುಡುಗ ಹೇಗಿದ್ದರೂ ನಡೆಯುತ್ತದೆ, ಅವನು ಹಗಲೆಲ್ಲ ಹೊರಗಿರುವವನು. ಮನೆ ಮಾತ್ರ ಹಗಲೆಲ್ಲ ಒಳಗೇ ಇರುತ್ತದೆ. ಬಾಗಿಲಿಗೆ ಎತ್ತರ ಇದೆಯೇ, ದೇವರಮನೆ ಯಾವ ಮೂಲೆಯಲ್ಲಿದೆ, ನಳ ಒಳಗೋ ಹೊರಗೋ ಎಂದೆಲ್ಲ ನೋಡಿ, ಮೇಲಿನ ತೊಲೆಗಳನ್ನು ಎಣಿಸಿದಂತೆ ಮಾಡಿ, ಅವಲಕ್ಕಿ ತಿಂದು ಹೋಗುತ್ತಾರೆ. ಈಗ ಅಷ್ಟು ಪುರುಸೊತ್ತು ಯಾರಿಗಿದೆ? ಹುಡುಗನ ಬಯೋಡಾಟಾದ ಜೊತೆ ಮನೆಯ ಫೋಟೋವೂ ವಾಟ್ಸಾಪಿನಲ್ಲಿ ಹೋಗುತ್ತದೆ. ಫೋಟೋ ಹಿಡಿಸಿದರೆ ಮುಂದಿನ ಮಾತು. ಅವಳಿ ನಗರದಲ್ಲಿ ಇಂಥ ಮನೆಗಳ ಭಾವಚಿತ್ರ ತೆಗೆಯುವುದನ್ನೇ ಕಸುಬು ಮಾಡಿಕೊಂಡವನು ನನಗೆ ಗೊತ್ತಿದ್ದಂತೆ ಗುರುಶಿದ್ದಪ್ಪ ಒಬ್ಬನೇ. ಅದೂ ಬರೀ ಸೂರ್ಯನ ಬೆಳಕಿನಲ್ಲಿ. ಫ್ಲ್ಯಾಶು, ಬಲ್ಬು, ಟ್ಯೂಬು ಯಾವುದನ್ನೂ ಮುಟ್ಟುವುದಿಲ್ಲ. “ಬಲ್ಬ್ ಹಚ್ಚಿದ್ರ ಮನಿ ಅಂಜತೇತ್ರಿ,” ಎನ್ನುತ್ತಾನೆ. ಯಾಕೆ ಅಂಜುತ್ತದೆ ಎಂದು ಕೇಳಿದರೆ, ಅಂಜಿದ ಮನೆಗೇ ಕೇಳಿಸುವ ಹಾಗೆ ಕೇಳುತ್ತೀರಲ್ಲ ಎಂಬಂತೆ ತುಟಿಯ ಮೇಲೆ ಬೆರಳಿಡುತ್ತಾನೆ.

ಗುರುಶಿದ್ದಪ್ಪ ಮೊದಲು ನಮ್ಮೂರ ಹೊರಗಿನ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ರಾತ್ರಿ ಪಾಳಿ ಮುಗಿಸಿ ಹೊರಗೆ ಬಂದರೆ ಪೂರ್ವದ ಬಿಸಿಲು ತಗಡಿನ ಶೆಡ್ಡುಗಳ ಮೇಲೆ ಬಿದ್ದಿರುತ್ತಿತ್ತು. ಉಳಿದವರಿಗೆ ಅದು ಮನೆಗೆ ಹೋಗಿ ಮಲಗುವ ಹೊತ್ತು. ಇವನಿಗೆ ಮಾತ್ರ ಆ ಶೆಡ್ಡುಗಳು ಮೈ ತೊಳೆದುಕೊಂಡು ಕೂತವರ ಹಾಗೆ ಕಾಣತೊಡಗಿದವು. ಕಂತಿನಲ್ಲಿ ಒಂದು ಕ್ಯಾಮೆರಾ ಕೊಂಡ. ಒಂದು ಮುಂಜಾನೆ ಪಾಳಿ ಬದಲಾಗುವ ಹೊತ್ತಿಗೆ ಗೇಟಿನಲ್ಲಿ ನಿಂತು, ಒಳಗೆ ಬರುವವರಿಗೆಲ್ಲ ಕೈ ಅಡ್ಡ ಹಿಡಿದ. “ಸ್ವಲ್ಪ ಇಲ್ಲೇ ನಿಂದರ್ರಿ. ಒಳಗ ಬಂದ್ರ ನೆರಳ ಬೀಳತೇತಿ.” ಅವನ ಕೈಯಲ್ಲಿ ಕ್ಯಾಮೆರಾ ಇತ್ತು, ಮುಖದಲ್ಲಿ ಸಂಶಯವಿರಲಿಲ್ಲ. ಇದು ಮ್ಯಾನೇಜಮೆಂಟಿನ ಹುಕುಂ ಎಂದುಕೊಂಡು ಇಡೀ ಪಾಳಿ ರಸ್ತೆಯಲ್ಲಿ ಶಿಸ್ತಾಗಿ ನಿಂತಿತು. ಒಳಗೆ ಮಷಿನ್ನುಗಳೂ ನಿಂತವು. ಮ್ಯಾನೇಜರು ಬಂದು, ಮುಷ್ಕರವೆಂದು ತಿಳಿದು, ಬೇಡಿಕೆ ಏನು ಎಂದು ಕೇಳಿದರಂತೆ. ಗುರುಶಿದ್ದಪ್ಪ, “ಆ ಮೋಡಾ ಸರದ್ರ ಸಾಕ್ರಿ,” ಎಂದ. ಮೋಡ ಸರಿಯಿತು. ನೌಕರಿಯೂ ಸರಿಯಿತು.

ಆಮೇಲೆ ಊರಿನ ಕಟ್ಟಡಗಳ ಬೆನ್ನು ಹತ್ತಿದ. ಕೆಂಪು ಕಲ್ಲಿನ ಹಳೆಯ ಕಾಲೇಜು, ಮಂಗಳೂರು ಹಂಚಿನ ಬಂಗಲೆಗಳು, ಹುಬ್ಬಳ್ಳಿಯ ಹತ್ತಿ ಗಿರಣಿಯ ಚಿಮಣಿ. ಒಂದು ಬ್ಯಾಂಕಿನ ಮುಂದೆ ದಿನಾ ಬೆಳಿಗ್ಗೆ ಹೋಗಿ ನಿಂತು, ಅದರ ಬಾಗಿಲನ್ನೇ ನೋಡುತ್ತ, ಗಡಿಯಾರ ನೋಡುತ್ತ, ಮತ್ತೆ ಬಾಗಿಲು ನೋಡುತ್ತ ಕಳೆಯತೊಡಗಿದ್ದರಿಂದ ಪೊಲೀಸರು ಕರೆದೊಯ್ದರು. ಯಾರಿಗಾಗಿ ಕಾಯುತ್ತಿದ್ದೀ ಎಂದು ಕೇಳಿದಾಗ, ಸೂರ್ಯನಿಗಾಗಿ ಎಂದ. ಸೂರ್ಯ ಯಾರು, ಅವನು ಎಲ್ಲಿರುತ್ತಾನೆ ಎಂಬ ದಿಕ್ಕಿನಲ್ಲಿ ವಿಚಾರಣೆ ಸ್ವಲ್ಪ ಹೊತ್ತು ನಡೆಯಿತು. ಕೊನೆಗೆ ಗುರುಶಿದ್ದಪ್ಪ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಲ್ಲಿಂದಲೇ, “ಸಾಹೇಬ್ರ, ನಿಮ್ಮ ಠಾಣೆ ಸಂಜಿ ಮುಂದ ಬಾಳ ಛಲೋ ಕಾಣತೇತ್ರಿ,” ಎಂದನಂತೆ. ಸಂಜೆಯವರೆಗೆ ಕೂಡಿಸಿಕೊಂಡು ಫೋಟೋ ತೆಗೆಸಿಕೊಂಡೇ ಬಿಟ್ಟರು.

ಅವನ ಮದುವೆಯದೂ ಅದೇ ಕತೆ. ಅಕ್ಷತೆ ಬೀಳುವ ಹೊತ್ತಿಗೆ ಕಲ್ಯಾಣಮಂಟಪದ ಮುಂದಿನ ಗೋಡೆಗೆ ಬಿಸಿಲು ಬಂತೆಂದು ಮದುಮಗ ಬಾಸಿಂಗದ ಸಮೇತ ಹೊರಗೆ ಹೋಗಿದ್ದ. “ಮುಹೂರ್ತ ಸ್ವಾಮಿಗೋಳು ಇಟ್ಟದ್ದು. ಆ ಬಿಸಲ ಯಾರ ಇಟ್ಟದ್ದು, ಮತ್ತ ಯಾವಾಗ ಇಡತಾರ, ಹೇಳ್ರಿ,” ಎಂಬುದು ಅವನ ವಾದ. ಹೆಂಡತಿ ಫಕೀರವ್ವ ಈಗಲೂ ಹೇಳುತ್ತಾಳೆ: “ಆ ಗ್ವಾಡಿದು ಫೋಟೋ ಐತ್ರಿ, ನಂದಿಲ್ಲ. ನಂದ ತಗೀರಿ ಅಂದ್ರ, ನೀ ಯಾವಾಗಲೂ ಒಲೀ ಕಡೆ ಮಾರಿ ಮಾಡಿರತೀ ಅಂತಾರ.”

ಕಟ್ಟಡಗಳ ಫೋಟೋಕ್ಕೆ ಗಿರಾಕಿ ಸಿಗಲಿಲ್ಲ. ಕಟ್ಟಡ ಅಲ್ಲೇ ಇರುತ್ತದೆ, ಹೋಗಿ ನೋಡಿದರಾಯಿತು ಎನ್ನುತ್ತಿದ್ದರು ಜನ. ಗಿರಾಕಿಯನ್ನು ಹುಡುಕಿಕೊಟ್ಟವಳು ಫಕೀರವ್ವನೇ. ಲಗ್ನಕ್ಕೆ ಬಂದ ಹುಡುಗರಿರುವ ಮನೆಗಳ ಫೋಟೋ ತೆಗೆಯಲು ಹೇಳಿದಳು. ಅಂದಿನಿಂದ ಗುರುಶಿದ್ದಪ್ಪನ ಅಂಗಡಿ ನಡೆಯುತ್ತಿದೆ.

ಮನೆಯನ್ನು ಅವನು ಸ್ಟುಡಿಯೋಕ್ಕೆ ಬಂದ ಕನ್ಯೆಯ ಹಾಗೆಯೇ ನಡೆಸಿಕೊಳ್ಳುತ್ತಾನೆ. “ಮನಿ ಇನ್ನೂ ಎದ್ದಿಲ್ರಿ,” ಎಂದು ಹೊರಗೆ ಕೂತು ಕಾಯುತ್ತಾನೆ. “ಕಿಡಕೀ ಅರ್ಧಾ ಮುಚ್ಚ್ರಿ, ಕಣ್ಣ ಕಿಸದಂಗ ಕಾಣತೇತಿ,” ಎನ್ನುತ್ತಾನೆ. ಒಂದು ಮನೆಗೆ ಬಲಗಡೆ ಹೊಸದಾಗಿ ಕಟ್ಟಿದ ಶೌಚಾಲಯವಿದ್ದರೆ, ಎಡಗಡೆಯ ಮುಖವೇ ಲಕ್ಷಣ ಎಂದು ಅದನ್ನು ಓರೆಯಾಗಿ ಕೂಡಿಸುತ್ತಾನೆ. ಅಂದರೆ, ತಾನು ಓರೆಯಾಗಿ ನಿಲ್ಲುತ್ತಾನೆ.

ನಮ್ಮ ಮನೆಯ ಮುಂದೆ ಮಾತ್ರ ಅಂದು ಅವನು ಬಹಳ ಹೊತ್ತು ನಿಂತು, ಕ್ಯಾಮೆರಾದ ಕಣ್ಣಿಗೆ ಮುಚ್ಚಳ ಹಾಕಿದ.

“ಆಗಂಗಿಲ್ರಿ, ಯವ್ವಾ. ಈ ಮನಿಗೆ ಮಾರಿ ಮ್ಯಾಲ ಬಿಸಲ ಇಲ್ಲ.”

ಇದು ನಮಗೆ ಗೊತ್ತಿದ್ದ ಸಂಗತಿಯೇ. ನಮ್ಮಜ್ಜ, ಉತ್ತರ ಕುಬೇರನ ದಿಕ್ಕು ಎಂದು ಮನೆಗೆ ಉತ್ತರಕ್ಕೆ ಬಾಗಿಲಿಟ್ಟಿದ್ದ. ಕುಬೇರ ಈ ತನಕ ಬಂದಿಲ್ಲ. ಸೂರ್ಯನಂತೂ ಮನೆಯ ಬೆನ್ನ ಹಿಂದಿನಿಂದಲೇ ಬಂದು ಹಾಗೇ ಹೋಗಿಬಿಡುತ್ತಾನೆ. ಎರಡೂ ಮಗ್ಗುಲಿಗೆ ಅಂಟಿಕೊಂಡ ಮನೆಗಳಿವೆ. ಎದುರಿಗೆ ಇದ್ದ ಖಾಲಿ ಜಾಗದಲ್ಲಿ ಕಾಂಪ್ಲೆಕ್ಸು ಎದ್ದ ಮೇಲೆ, ಚಳಿಗಾಲದಲ್ಲಿ ನಮ್ಮ ಕಟ್ಟೆಯ ಮೇಲೆ ಕೂತವರಿಗೆ ಇದು ಬೆಳಿಗ್ಗೆಯೋ ಸಂಜೆಯೋ ಎಂದು ತಿಳಿಯಬೇಕಾದರೆ ಹಾಲಿನವ ಬಂದನೋ ಪಾನೀಪುರಿಯವ ಬಂದನೋ ನೋಡಬೇಕು.

ಆದರೆ ಈಗ ಬಿಸಿಲು ಇಲ್ಲದೆ ನಡೆಯುವಂತಿರಲಿಲ್ಲ. ನನ್ನ ತಮ್ಮ ರಾಜಶೇಖರನ ಮದುವೆ ಅದರ ಮೇಲೆ ನಿಂತಿತ್ತು.

ರಾಜಶೇಖರ ಹತ್ತಿಕಾಳಿನ ಹಿಂಡಿಯ ವ್ಯಾಪಾರಿ. ನಲವತ್ತರ ಹತ್ತಿರ ಬಂದಿದ್ದ. ನೋಡಿದ ಹೆಣ್ಣುಗಳೆಲ್ಲ ತಪ್ಪಿ, ತಾನೇ ಮದುವೆಯ ಮಾತು ಬಿಟ್ಟು, ಬೇರೆಯವರ ಮದುವೆಯಲ್ಲಿ ಬುಂದಿ ಬಡಿಸುವವನಾಗಿಬಿಟ್ಟಿದ್ದ. ಅಂಥವನು ಒಂದು ದಿನ ಸತ್ತೂರಿನ ದವಾಖಾನೆಗೆ ರಕ್ತ ತಪಾಸಣೆಗೆ ಹೋಗಿ, ಸೂಜಿ ನೋಡಿ ಎಚ್ಚರ ತಪ್ಪಿ ಬಿದ್ದ. ಎಚ್ಚರಾದಾಗ ರಕ್ತ ತೆಗೆಯುವ ಹುಡುಗಿ ಐಶ್ವರ್ಯಾ ಅವನ ಕೆನ್ನೆಗೆ ತಟ್ಟುತ್ತಿದ್ದಳು. ಆಮೇಲೆ ಅವನಿಗೆ ಪದೇಪದೇ ತಪಾಸಣೆ ಬೇಕಾಗತೊಡಗಿತು. ರಕ್ತದಲ್ಲಿ ದೋಷ ಕಾಣಲಿಲ್ಲ. ಹುಡುಗಿಗೆ ಹುಡುಗ ಹಿಡಿಸಿದ. ಸೂಜಿಗೆ ಅಂಜುವವ ತನಗೂ ಅಂಜಿಕೊಂಡಿರುತ್ತಾನೆ ಎಂದು ಅವಳು ಲೆಕ್ಕ ಹಾಕಿರಬೇಕು.

ಅಡ್ಡಬಂದವರು ಅವಳ ತಂದೆ, ಅಮ್ಮಿನಬಾವಿಯ ದ್ಯಾಮಣ್ಣ. ಹೊಲ ಮನೆ ಇದ್ದ ಕುಳ. ಜೋಳ, ಕಡಲೆ, ಮೆಣಸಿನಕಾಯಿ ಎಲ್ಲವನ್ನೂ ಅಂಗಳದಲ್ಲಿ ಹರವಿ ಒಣಗಿಸಿ ಗೊತ್ತಿದ್ದ ಅವರಿಗೆ ಮನುಷ್ಯನನ್ನೂ ಹಾಗೇ ಒಣಗಿಸಿ ಇಡಬೇಕೆಂಬ ನಂಬಿಕೆ. ಅವರ ಅಕ್ಕನನ್ನು ಹುಬ್ಬಳ್ಳಿಯ ಒಂದು ಕತ್ತಲೆ ಮನೆಗೆ ಕೊಟ್ಟಿದ್ದರು. ಆಕೆ ಜೀವಮಾನವೆಲ್ಲ ಕೆಮ್ಮಿದಳು. ಹೀಗಾಗಿ ಅವರು ರಾಜಶೇಖರನಿಗೆ ಒಂದೇ ಮಾತು ಹೇಳಿದ್ದರು: “ನಿಮ್ಮ ಮನಿ ಮುಂದ ಬಿಸಲ ಬೀಳತೇತೇನು, ತೋರಸ್ರಿ. ಬಿಸಲ ಇಲ್ಲದ ಮನಿಗೆ ನಾ ಜೋಳದ ಚೀಲಾ ಸೈತ ಇಡಂಗಿಲ್ಲ, ಮಗಳನ್ನ ಇಡತೇನೇನು?”

ಇದನ್ನೆಲ್ಲ ನಮ್ಮವ್ವ ಹೇಳಿದಾಗ ಗುರುಶಿದ್ದಪ್ಪ ಕಟ್ಟೆಯ ಮೇಲೆ ಕೂತ. ನಾನು ನನ್ನ ಬುದ್ಧಿಯನ್ನು ಉಪಯೋಗಕ್ಕೆ ತರೋಣವೆಂದು, “ಕಂಪ್ಯೂಟರದಾಗ ಒಂದಿಷ್ಟ ಬಿಸಲ ಹಾಕಾಕ ಬರಂಗಿಲ್ಲೇನು?” ಎಂದೆ.

“ಬರತೇತ್ರಿ. ಆ ಬಿಸಲಿಗೆ ಸಂಡಗಿ ಒಣಗತಾವೇನ್ರಿ?”

“ಫೋಟೋದಾಗ ಯಾರ ಸಂಡಗಿ ಒಣಗಸತಾರ?”

“ಒಣಗಸೂದಿಲ್ರಿ. ಒಣಗೂವಂಗ ಇರಬೇಕ್ರಿ.”

ಈ ಮಾತಿನಲ್ಲಿ ಏನೋ ಅರ್ಥವಿದೆ ಎಂದು ನಾನು ತುಂಬ ಹೊತ್ತು ಯೋಚಿಸಿದೆ. ಇರಲಿಲ್ಲ ಎಂದು ಈಗ ಅನಿಸುತ್ತದೆ.

ಆಗಲೇ ಮೇಲೆ ಲಕ್ಷ್ಮೀ ಪಾತ್ರೆ ತೊಳೆದು ಒಂದೊಂದಾಗಿ ಟೆರೇಸಿನ ಕಟ್ಟೆಗೆ ಒರಗಿಸತೊಡಗಿದ್ದಳು. ರೊಟ್ಟಿಯ ಹಿಟ್ಟು ನಾದುವ ದೊಡ್ಡ ಸ್ಟೀಲಿನ ಪರಾತವನ್ನು ಕೈಗೆತ್ತಿಕೊಂಡು ನೀರು ಝಾಡಿಸಿದಳು. ಅಷ್ಟರಲ್ಲಿ ನಮ್ಮ ಬಾಗಿಲ ಮೇಲಿನ ಗೋಡೆಗೆ ಎಲ್ಲಿಂದಲೋ ಒಂದು ಬಿಸಿಲಿನ ರೊಟ್ಟಿ ಬಂದು ಬಿತ್ತು. ಅಲ್ಲಿಂದ ಕಿಟಕಿಗೆ ಹೋಯಿತು. ಕಿಟಕಿಯಿಂದ ನನ್ನ ಹೊಟ್ಟೆಗೆ ಬಂತು. ಗುರುಶಿದ್ದಪ್ಪ ಎದ್ದು ನಿಂತ.

“ಅಕ್ಕಾರ, ಅಲ್ಲಾಡಬ್ಯಾಡ್ರಿ.”

“ಯಾಕ್ರಿ, ಹಾವ ಗೀವ ಬಂತೇನ?” ಎಂದಳು ಲಕ್ಷ್ಮೀ, ಪರಾತ ಹಿಡಿದಲ್ಲೇ ಕಲ್ಲಾಗಿ.

“ಇಲ್ರಿ. ಸೂರ್ಯ ಬಂದಾನ.”

ಮುಂದಿನದನ್ನು ನಮ್ಮ ಓಣಿ ತಾನೇ ವಹಿಸಿಕೊಂಡಿತು. ಲಕ್ಷ್ಮೀ ಒಂದು ಕೂಗು ಹಾಕಿದಳು; ಹೆಣ್ಣುಮಕ್ಕಳು ತಮ್ಮ ತಮ್ಮ ಮನೆಯ ಪರಾತ ತಿಕ್ಕಿಕೊಂಡು ಕಾಂಪ್ಲೆಕ್ಸಿನ ಮೆಟ್ಟಿಲೇರಿದರು. ರಾಜಶೇಖರನ ಮದುವೆಗಾಗಿ ಎಂದರೆ ಯಾರೂ ಇಲ್ಲ ಎನ್ನಲಿಲ್ಲ. ಎಲ್ಲರ ಮನೆಯ ಮದುವೆಯಲ್ಲೂ ಅವನು ಬುಂದಿ ಬಡಿಸಿದ್ದ, ಅದೂ ಕೈಬಿಚ್ಚಿ ಬಡಿಸಿದ್ದ. ನನ್ನ ಹೆಂಡತಿಯೂ ಏರಿದಳು. ನಾನು ನಮ್ಮ ಮನೆಯ ಅಲ್ಯೂಮಿನಿಯಂ ಬೋಗುಣಿ ತೆಗೆದುಕೊಂಡು ಹೊರಟೆ. ಗುರುಶಿದ್ದಪ್ಪ ಅದನ್ನು ನೋಡಿ, ನನ್ನನ್ನೂ ನೋಡಿ, “ಎರಡಕ್ಕೂ ಹೊಳಪ ಇಲ್ರಿ,” ಎಂದು ಇಬ್ಬರನ್ನೂ ಕೆಳಗೇ ಉಳಿಸಿದ.

ಅವನು ಕೆಳಗೆ ನಿಂತು ಕೈಯಾಡಿಸಿದ ಹಾಗೆಲ್ಲ ಮೇಲೆ ಪರಾತಗಳು ಓಲಾಡಿದವು.

“ಲಕ್ಷ್ಮಕ್ಕಾರ, ಬಾಗಲದ ಮ್ಯಾಲ ಬಿಡ್ರಿ. ಅವರ ಮಗ್ಗಲಾದವರು ಕಿಡಕಿಗೆ. ಯಾರ್ರಿ ಅದು, ಹಿತ್ತಾಳಿ ತಂದವರು? ಮುಂಜಾನಿ ಬಿಸಲದಾಗ ಸಂಜಿ ಬಿಸಲ ಕಲಸಬ್ಯಾಡ್ರಿ, ಕೆಳಗಿಡ್ರಿ ಅದನ್ನ.”

“ಇದು ನಮ್ಮ ತವರಮನಿದು. ಹೊಳಪ ನೋಡ್ರಿ ಇದರದು,” ಎಂದಳು ಹಿತ್ತಾಳೆಯವಳು.

“ಹೊಳಪ ಛಲೋ ಐತ್ರಿ. ಹೊತ್ತ ಸರಿ ಇಲ್ಲ.”

ಉತ್ತರಮುಖದ ನಮ್ಮ ಮನೆ ಹುಟ್ಟಿದಾಗಿನಿಂದ ಮೊದಲ ಸಲ ಬೆಳಗಿತು. ಇಷ್ಟು ವರ್ಷ ಬೂದು ಎಂದುಕೊಂಡಿದ್ದ ಬಾಗಿಲು ಹಸಿರು ಬಣ್ಣದ್ದಾಗಿತ್ತು. ಹೊಸ್ತಿಲ ಮೇಲೆ ಕೆತ್ತಿದ ಹೂವುಗಳಿದ್ದವು. ನಮ್ಮವ್ವ ಕಣ್ಣಿಗೆ ಕೈ ಅಡ್ಡ ಹಿಡಿದು, “ಇಷ್ಟ ಜ್ಯಾಡಾ ಇತ್ತೇನ ಇಲ್ಲಿ,” ಎಂದು ಪೊರಕೆ ತರಲು ಹೋದಳು. ಗುರುಶಿದ್ದಪ್ಪ ಫೋಟೋ ಹೊಡೆದ.

“ಇದು ನಿಮ್ಮ ನಿಸರ್ಗದ ಬೆಳಕ ಹೆಂಗ ಆತು?” ಎಂದೆ ನಾನು, ಬೋಗುಣಿಯ ಅವಮಾನ ಇನ್ನೂ ಆರಿರಲಿಲ್ಲ.

“ಪರಾತದಾಗ ಬಲ್ಬ್ ಐತೇನ್ರಿ?”

ಇಲ್ಲ ಎಂದು ಒಪ್ಪಿಕೊಳ್ಳಬೇಕಾಯಿತು.

ಫೋಟೋ ಅಮ್ಮಿನಬಾವಿಗೆ ಹೋಯಿತು. ದ್ಯಾಮಣ್ಣನವರಿಂದ ಆ ಸಂಜೆಯೇ ಫೋನು ಬಂತು. ಬಿಸಿಲು ಛಲೋ ಬಿದ್ದಿದೆ, ಆದರೂ ತಾನೊಮ್ಮೆ ಕಣ್ಣಾರೆ ನೋಡಬೇಕು. ಸೋಮವಾರ ಒಳ್ಳೆಯ ದಿನ. ಫೋಟೋದಲ್ಲಿರುವ ಹೊತ್ತಿಗೇ ಬರುತ್ತೇನೆ ಎಂದರು.

ರಾಜಶೇಖರ ಫೋನಿಟ್ಟು, ಸೂಜಿ ನೋಡಿದವನಂತೆ ಬಿಳಿಚಿಕೊಂಡ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡೋಣ ಎಂದು ನಾನು ಸೂಚಿಸಿದೆ. ಹೇಳುವವರು ಯಾರು ಎಂದು ನಮ್ಮವ್ವ ಕೇಳಿದಳು. ನಾನು ಸೂಚನೆಯನ್ನು ಹಿಂದಕ್ಕೆ ತೆಗೆದುಕೊಂಡೆ.

“ಅವರೇನ ಬಿಸಲ ಕಟಗೊಂಡ ಹೋಗಾಕ ಬರತಾರೇನು?” ಎಂದಳು ನಮ್ಮವ್ವ. “ನೋಡಾಕ ಬರತಾರ. ತೋರಸಿದ್ರಾತು. ಗುರುಶಿದ್ದಪ್ಪಗ ಹೇಳಿ ಕಳಸ್ರಿ.”

ಇಲ್ಲಿ ನಮ್ಮ ಓಣಿಯ ಒಂದು ಸಂಗತಿ ಹೇಳಬೇಕು. ನಮಗೆ ನಳದ ನೀರು ದಿನಾ ಬರುವುದಿಲ್ಲ. ವಾರಕ್ಕೊಮ್ಮೆ ಬರುತ್ತದೆ; ಕೆಲವು ಸಲ ವಾರ ಯಾವಾಗ ಮುಗಿಯಿತೆಂದು ಅದಕ್ಕೆ ತಿಳಿಯುವುದಿಲ್ಲ. ಬಂದಾಗ ಮಾತ್ರ ಯಾರು ಯಾವ ಕೆಲಸದಲ್ಲಿದ್ದರೂ ಬಿಟ್ಟು ಓಡುತ್ತಾರೆ. ನನ್ನ ಮೊದಲ ಪುಸ್ತಕದ ಬಿಡುಗಡೆ ಇದೇ ಓಣಿಯ ಗುಡಿಯಲ್ಲಿ ನಡೆದಾಗ, ನಾನು ಮಾತಾಡಲು ಎದ್ದು ನಿಂತು “ಆತ್ಮೀಯರೇ” ಎನ್ನುವಷ್ಟರಲ್ಲಿ ನೀರು ಬಂತು. ಅಧ್ಯಕ್ಷರೂ ಹಾರ ಹಾಕಿಕೊಂಡೇ ಕೊಡ ಹಿಡಿಯಲು ಹೋದರು. ನನ್ನ ಭಾಷಣವನ್ನು ಕೊನೆಯವರೆಗೆ ಕೇಳಿದ್ದು ಬಸವಣ್ಣ, ಅದೂ ಕಲ್ಲಿನದು ಎಂಬ ಕಾರಣಕ್ಕೆ.

ಸೋಮವಾರ ದ್ಯಾಮಣ್ಣನವರು ಬಂದರು. ಎತ್ತರದ ಆಳು, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಬಿಳಿ ಧೋತರ, ಹೆಗಲ ಮೇಲೆ ದಪ್ಪನೆಯ ಟವೆಲ್ಲು. ಅವರು ಓಣಿಯ ತಿರುವಿಗೆ ಬಂದದ್ದೇ ತಡ, ಗುರುಶಿದ್ದಪ್ಪ ಕ್ಯಾಮೆರಾ ಒರೆಸುವವನಂತೆ ಬಟ್ಟೆ ಝಾಡಿಸಿದ. ಮೇಲಿನಿಂದ ಬಿಸಿಲು ಇಳಿಯಿತು. ನಾನು ಕದ್ದು ತಲೆಯೆತ್ತಿ ನೋಡಿದೆ. ಟೆರೇಸಿನ ಕಟ್ಟೆಯುದ್ದಕ್ಕೂ ಪರಾತಗಳು. ಅವುಗಳ ಹಿಂದೆ ಎಲ್ಲರೂ ಗುರುತಿನವರೇ. ತುದಿಗೆ ಒಬ್ಬಳು ಮಾತ್ರ, ಸ್ಕೂಟಿಯ ಮೇಲೆ ಹೋಗುವ ಹುಡುಗಿಯರ ಹಾಗೆ ಮುಖಕ್ಕೆಲ್ಲ ಸ್ಕಾರ್ಫು ಸುತ್ತಿಕೊಂಡು ಬರೀ ಕಣ್ಣು ಬಿಟ್ಟುಕೊಂಡಿದ್ದಳು. ಪಕ್ಕದ ಓಣಿಯವರೂ ಸಹಾಯಕ್ಕೆ ಬಂದಿದ್ದಾರಲ್ಲ ಎಂದು ನನಗೆ ಕಣ್ಣು ತುಂಬಿ ಬಂತು.

ದ್ಯಾಮಣ್ಣನವರು ಮನೆಯ ಮುಂದೆ ನಿಂತು ಬೆಳಕನ್ನು ಮೇಲಿಂದ ಕೆಳಗೆ ನೋಡಿದರು. ತಲೆ ಎತ್ತಿ ಅದು ಎಲ್ಲಿಂದ ಬರುತ್ತದೆಂದು ಮಾತ್ರ ನೋಡಲಿಲ್ಲ. ಬಿಸಿಲು ಬರುವ ಕಡೆ ಯಾರು ನೋಡುತ್ತಾರೆ, ಕಣ್ಣು ಕುಕ್ಕುತ್ತದೆ. ನಮ್ಮವ್ವ ಚಹಾ ತಂದಿಟ್ಟಳು.

“ಇರಲ್ರಿ,” ಎಂದು ಅದನ್ನು ಸರಿಸಿ, ಅವರು ಕಟ್ಟೆಯ ಮೇಲಿದ್ದ ತಂಬಿಗೆಯ ನೀರನ್ನು ತಮ್ಮ ಟವೆಲ್ಲಿನ ಮೇಲೆ ಸುರುವಿದರು. ಹಿಂಡಿದರು. ಎರಡು ಸಲ ಝಾಡಿಸಿ ಕಟ್ಟೆಯ ಮೇಲೆ ಹರವಿದರು.

“ಇದು ಒಣಗಲಿ. ಆಮ್ಯಾಲ ಮಾತಾಡೂನು.”

ಅದು ಕೈಮಗ್ಗದ ಟವೆಲ್ಲು, ಕೌದಿಗೆ ತಂಗಿಯಾಗುವಷ್ಟು ದಪ್ಪ. ಗುರುಶಿದ್ದಪ್ಪ ಮೇಲೆ ನೋಡಿ, ಗದ್ದವನ್ನು ಕೊಂಚ ಕೆಳಗೆ ಮಾಡಿದ. ಬಾಗಿಲ ಮೇಲಿದ್ದ ಬಿಸಿಲು, ಕಿಟಕಿಯ ಬಿಸಿಲು, ಗೋಡೆಯ ಬಿಸಿಲು ಎಲ್ಲ ಒಂದರ ಹಿಂದೊಂದು ತೆವಳಿಕೊಂಡು ಬಂದು ಟವೆಲ್ಲಿನ ಮೇಲೆ ಕೂಡಿದವು. ಟವೆಲ್ಲಿನಿಂದ ಸಣ್ಣಗೆ ಹಬೆ ಏಳತೊಡಗಿತು.

“ಇಲ್ಲಿ ಬಿಸಲ ಬಾಳ ಜ್ವಾಕಿ ಐತ್ರಿ,” ಎಂದರು ದ್ಯಾಮಣ್ಣನವರು. “ಬೇಕಾದಲ್ಲಿ ಬೀಳತೇತಿ.”

“ಹಳೇ ಮನಿ ನೋಡ್ರಿ, ರೂಢಿ ಆಗೇತಿ,” ಎಂದಳು ನಮ್ಮವ್ವ.

ನನಗೆ ಮೇಲಿನ ಕೈಗಳ ಚಿಂತೆ. ನನ್ನ ಹೆಂಡತಿಯ ಬಲಭುಜ ಮೊದಲೇ ನೋಯುತ್ತದೆ. ಅವಳ ಪಾಲಿನ ಬಿಸಿಲು ನಡುಗುತ್ತಿರುವುದು ನನಗೆ ಕಾಣಿಸುತ್ತಿತ್ತು; ಇಷ್ಟು ವರ್ಷ ಒಟ್ಟಿಗಿದ್ದ ಮೇಲೆ ಗುರುತು ಸಿಗದೆ ಇರುತ್ತದೆಯೇ? ರಾಜಶೇಖರ ಬಾಗಿಲ ಮರೆಯಲ್ಲಿ ನಿಂತು ಟವೆಲ್ಲಿನ ಅಂಚನ್ನೇ ನೋಡುತ್ತಿದ್ದ. ಅಂಚು ಒಣಗುತ್ತ ಬಂದಿತ್ತು. ನಡುವೆ ಇನ್ನೂ ಹಸಿ. ದ್ಯಾಮಣ್ಣನವರು ಬೆರಳಿಂದ ಮುಟ್ಟಿ, “ಆಗತೇತಿ,” ಎಂದರು.

ಆಗಲೇ ಓಣಿಯ ಆ ತುದಿ ಮನೆಯ ನಳ ಕೆಮ್ಮಿತು.

ನೀರಿಗಿಂತ ಮೊದಲು ನಮ್ಮ ನಳಗಳಲ್ಲಿ ಗಾಳಿ ಬರುತ್ತದೆ. ಗೊರ್ ಗೊರ್ ಎಂದು ಮುದುಕರು ಗಂಟಲು ಸರಿಮಾಡಿಕೊಂಡ ಸಪ್ಪಳ. ಆ ಸಪ್ಪಳ ಒಂದು ಮನೆಯಿಂದ ಇನ್ನೊಂದು ಮನೆಗೆ ಹಾಯುತ್ತ ನಮ್ಮತ್ತ ಬಂತು.

“ನೀರ ಬಂತು,” ಎಂದಿತು ಮೇಲಿನಿಂದ ಒಂದು ದನಿ. ಲಕ್ಷ್ಮಿಯದೇ.

ಬಿಸಿಲು ಹೋಯಿತು. ನಿಧಾನವಾಗಿ ಅಲ್ಲ, ಯಾರೋ ಬಟ್ಟೆ ಮಡಿಚಿಟ್ಟ ಹಾಗೆ, ಮೊದಲು ಎಡಗಡೆಯದು, ಆಮೇಲೆ ನಡುವಿನದು, ಆಮೇಲೆ ಉಳಿದದ್ದೆಲ್ಲ ಒಮ್ಮೆಗೇ. ಕಾಂಪ್ಲೆಕ್ಸಿನ ಮೆಟ್ಟಿಲಿನಲ್ಲಿ ದಡದಡ ಸಪ್ಪಳ. ಬಗಲಲ್ಲಿ ಪರಾತ ಇರುಕಿಕೊಂಡ ಹೆಂಗಸರು ದ್ಯಾಮಣ್ಣನವರ ಮುಂದಿನಿಂದಲೇ, ಗುರುತಿಲ್ಲದವರ ಮುಂದೆ ಹಾಯುವಾಗಿನ ಮರ್ಯಾದೆಯಿಂದ ಸೆರಗು ಸರಿಪಡಿಸಿಕೊಳ್ಳುತ್ತ, ತಂತಮ್ಮ ಮನೆಗೆ ಓಡಿದರು. ಕೊನೆಯವಳು ನನ್ನ ಹೆಂಡತಿ. “ಹಂಡೇ ತೆಗದಿಟ್ಟೀರೋ ಇಲ್ಲೋ?” ಎಂದು ನನ್ನನ್ನು ಕೇಳಿ ಒಳಗೆ ಹೋದಳು.

ಮನೆ ಮತ್ತೆ ಬೂದಾಯಿತು. ಒಂದನ್ನು ಬಿಟ್ಟು.

ಟವೆಲ್ಲಿನ ನಟ್ಟನಡುವೆ, ಹಸಿ ಇದ್ದ ಜಾಗದಲ್ಲಿ, ಒಂದೇ ಒಂದು ಬಿಸಿಲಿನ ರೊಟ್ಟಿ ಹಾಗೇ ಉಳಿದಿತ್ತು. ಅಲ್ಲಾಡಲಿಲ್ಲ. ದ್ಯಾಮಣ್ಣನವರು ಅದನ್ನು ನೋಡಿದರು. ಆಮೇಲೆ ಮೊದಲ ಸಲ ತಲೆಯೆತ್ತಿ, ಅದು ಬಂದ ದಾರಿ ಹಿಡಿದು ಮೇಲೆ ನೋಡಿದರು. ಟೆರೇಸಿನ ತುದಿಗೆ ಆ ಸ್ಕಾರ್ಫಿನ ಹುಡುಗಿ ಒಬ್ಬಳೇ ನಿಂತಿದ್ದಳು, ಎರಡೂ ಕೈಯಲ್ಲಿ ಪರಾತ ಹಿಡಿದು, ಕಾಲು ಅಗಲಿಸಿ, ಜೋಳ ತೂರುವವರು ಗಾಳಿಗೆ ಎದುರು ನಿಲ್ಲುವ ಹಾಗೆ. ಅವಳಿಗೆ ಈ ಓಣಿಯಲ್ಲಿ ನೀರು ತುಂಬುವ ಮನೆ ಇರಲಿಲ್ಲ. ಇನ್ನೂ ಇರಲಿಲ್ಲ.

“ಅಕೀ ನಮ್ಮ ಐಶ್ವರ್ಯಾ ಅಲ್ಲೇನು?” ಎಂದರು ದ್ಯಾಮಣ್ಣನವರು.

ರಾಜಶೇಖರ ಬಾಗಿಲ ಚೌಕಟ್ಟು ಹಿಡಿದುಕೊಂಡ. ಬೀಳುತ್ತಾನೆಂದು ನಾನು ಅವನ ಹಿಂದೆ ಹೋಗಿ ನಿಂತೆ.

“ಡ್ಯೂಟಿ ಮುಗಿಸಿ ಬಂದಾಳ್ರಿ,” ಎಂದ ಅವನು, ಕೇಳಿಸದ ಹಾಗೆ. “ನಾ ಬ್ಯಾಡ ಅಂದಿದ್ದೆ.”

“ನೀ ಬ್ಯಾಡ ಅಂದಿ. ಅಕೀ ಕೇಳಿದಳೇನು?”

“ಇಲ್ರಿ.”

“ನನ್ನ ಮಾತೂ ಕೇಳಂಗಿಲ್ಲ,” ಎಂದು ದ್ಯಾಮಣ್ಣನವರು ಮತ್ತೆ ಟವೆಲ್ಲಿನ ಕಡೆ ತಿರುಗಿದರು. ಓಣಿಯ ತುಂಬ ಕೊಡಕ್ಕೆ ನೀರು ಬೀಳುವ ಸಪ್ಪಳ. ಬಿಸಿಲು ಬಿದ್ದಿದ್ದ ಜಾಗವನ್ನು ಅವರು ಬೆರಳಿಂದ ಮುಟ್ಟಿ ನೋಡಿದರು, ಬೆರಳುಗಳನ್ನು ಒಂದಕ್ಕೊಂದು ತಿಕ್ಕಿ ನೋಡಿದರು. ಆಮೇಲೆ ಟವೆಲ್ಲಿನ ಎರಡೂ ತುದಿ ಹಿಡಿದು, ನಡುವೆ ಇನ್ನೂ ಹಸಿ ಉಳಿದಿದ್ದ ಜಾಗ ಆ ಬಿಸಿಲಿನ ಕೆಳಗೆ ಬರುವಂತೆ ಮೆಲ್ಲಗೆ ಸರಿಸಿ ಹಾಕಿದರು.

“ಬೀಗತೇರ,” ಎಂದರು ನಮ್ಮವ್ವನಿಗೆ, “ಚಾ ಆರೇತಿ. ಬಿಸಿ ಮಾಡಿ ಕೊಡ್ರಿ.”

ರಾಜಶೇಖರನ ಕಡೆಯಿಂದಲೂ ಬೀಗತಿ ಎಂದು ಕರೆಸಿಕೊಳ್ಳಲು ಅಷ್ಟು ವರ್ಷ ಕಾದಿದ್ದ ನಮ್ಮವ್ವ, ಕಪ್ಪು ಎತ್ತಿಕೊಂಡು ಒಳಗೆ ಹೋದವಳು ಒಲೆಯ ಮುಂದೆ ನಿಂತು ಸೆರಗಿನಿಂದ ಮುಖ ಒರೆಸಿಕೊಂಡಳು. ರಾಜಶೇಖರ ಕೊನೆಗೂ ಬೀಳಲಿಲ್ಲ. ಮೇಲೆ ಪರಾತ ಮಾತ್ರ ಇಳಿಯಲಿಲ್ಲ. ಕೆಳಗೆ ಏನಾಯಿತೆಂದು ಆ ಹುಡುಗಿಗೆ ಯಾರೂ ಹೇಳಿರಲಿಲ್ಲ.

ಗುರುಶಿದ್ದಪ್ಪ ಇದ್ಯಾವುದಕ್ಕೂ ಸಂಬಂಧವಿಲ್ಲದವನಂತೆ ಸ್ಟ್ಯಾಂಡಿನ ಕಾಲು ಮಡಿಚುತ್ತಿದ್ದ. ದ್ಯಾಮಣ್ಣನವರು ಅವನ ಕಡೆ ತಿರುಗಿದರು.

“ಏನಪಾ, ಫೋಟೋದಾವ. ಇಷ್ಟೊತ್ತನಕಾ ಮನೀತುಂಬ ಇದ್ನಲ್ಲ, ಆ ಸೂರ್ಯ ಎಲ್ಲಿ ಹೋದ?”

ಗುರುಶಿದ್ದಪ್ಪ ಕ್ಯಾಮೆರಾದ ಕಣ್ಣಿಗೆ ಮುಚ್ಚಳ ಹಾಕಿದ.

“ನೀರ ತುಂಬಾಕ ಹೋಗ್ಯಾನ್ರಿ.”